ಡಿಸ್ಕಿನ ಬೀಗರು

ಅಣ್ಣಿಗೇರಿಯ ಸ್ಟೇಶನ್ ರಸ್ತೆಯಲ್ಲಿ ನನ್ನದೊಂದು ನೋಟ್‌ಬುಕ್ಕು, ಪೆನ್ನು, ಪಂಚಾಂಗ ಮಾರುವ ಅಂಗಡಿ. ಬಾಜು ಅಂಗಡಿ ರೂಬಿನಾಳದು. ಅವಳ ಅಪ್ಪ ಅಲ್ಲೇ ಕೂತು ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದ. ಬೆಳಗ್ಗೆ ನಾನು ಬಾಗಿಲು ತೆಗೆಯುವ ಹೊತ್ತಿಗೆ ಆ ಕಡೆಯಿಂದ ಧಾರವಾಡ ಆಕಾಶವಾಣಿ ಕೇಳುತ್ತಿತ್ತು, ಬೆಸುಗೆ ಹಾಕುವ ಹೊಗೆಯ ವಾಸನೆ ಬರುತ್ತಿತ್ತು. ಈಗ ರೇಡಿಯೋ ಇಲ್ಲ, ವಾಸನೆ ಮಾತ್ರ ಅದೇ. ಅದು ಮೂಗಿಗೆ ಬಡಿದರೆ ನನಗೆ ಇಂದಿಗೂ ಹಳೆಯ ದಿನಗಳು ಬಂದು ಕಟ್ಟೆಯ ಮೇಲೆ ಕೂತ ಹಾಗೆ ಆಗುತ್ತದೆ. ಸುಳ್ಳೇಕೆ ಹೇಳಲಿ, ಅದಕ್ಕೆಂದೇ ಎಷ್ಟೋ ಸಲ ಗಿರಾಕಿ ಬಿಟ್ಟು ಅವಳ ಅಂಗಡಿಗೆ ಹೋಗಿ ಕೂರುತ್ತೇನೆ.

ರೂಬಿನಾ ರಿಪೇರಿ ಮಾಡುವುದು ಕಂಪ್ಯೂಟರಿನ ಹಾರ್ಡ್ ಡಿಸ್ಕು. ಸತ್ತುಹೋದ ಡಿಸ್ಕಿನಿಂದ ಜನರ ಫೋಟೋ, ವಿಡಿಯೋ, ಕಾಗದಪತ್ರಗಳನ್ನು ಹೊರಗೆ ತೆಗೆದುಕೊಡುತ್ತಾಳೆ. ನಮ್ಮ ಮಂದಿ ಅವಳ ಹತ್ತಿರ ಬರುವ ಮೊದಲು ತಮ್ಮ ವಿದ್ಯೆಯನ್ನೆಲ್ಲ ಪ್ರಯೋಗ ಮಾಡಿಯೇ ಬರುತ್ತಾರೆ. ನೀರಿಗೆ ಬಿದ್ದ ಮೊಬೈಲನ್ನು ಅಕ್ಕಿಯಲ್ಲಿ ಹೂತಿಡಬೇಕೆಂದು ಎಲ್ಲೋ ಕೇಳಿದ್ದ ನವಲಗುಂದದ ಕಡೆಯವನೊಬ್ಬ, ಕೆಟ್ಟ ಡಿಸ್ಕನ್ನು ವಾರಗಟ್ಟಲೆ ಜೋಳದ ಚೀಲದಲ್ಲಿ ಹೂತಿಟ್ಟು ತಂದಿದ್ದ.

"ಜ್ವಾಳದಾಗ ಯಾಕ ಇಟ್ಟಿದ್ರಿ?" ಎಂದು ರೂಬಿನಾ ಕೇಳಿದಳು.

"ನಮ್ಮ ಮನ್ಯಾಗ ಅಕ್ಕಿ ಕಡಿಮಿರಿ" ಎಂದ.

ಡಿಸ್ಕಿನೊಳಗೆ ಕನ್ನಡಿಯಂಥ ತಟ್ಟೆಗಳಿರುತ್ತವಂತೆ. ಅವುಗಳ ಮೇಲೆ, ಮುಟ್ಟಿಯೂ ಮುಟ್ಟದ ಹಾಗೆ, ಓದುವ ಮುಳ್ಳು ಓಡಾಡುತ್ತದಂತೆ. ಅದಕ್ಕೆ ಬೇರೆ ಹೆಸರಿದೆ, ಆದರೆ ಅಪ್ಪನ ಗ್ರಾಮೋಫೋನು ನೋಡಿ ಬೆಳೆದವಳು, ರೂಬಿನಾ ಅದನ್ನು ಸೂಜಿ ಎಂದೇ ಕರೆಯುತ್ತಾಳೆ. ಒಂದು ಕಣ ಧೂಳು ಬಿದ್ದರೂ ತಟ್ಟೆ ಗೀಚಿಹೋಗುತ್ತದೆ. ನಮ್ಮ ಎರೆ ಹೊಲದ ಸೀಮೆಯಲ್ಲಿ ಧೂಳಿಗೇನು ಬರ? ಹಾಗಾಗಿ ಗಾಳಿ ಸೋಸಿ ಬಿಡುವ ಗಾಜಿನ ಪೆಟ್ಟಿಗೆಯೊಂದನ್ನು ಇಟ್ಟುಕೊಂಡು, ಅದರೊಳಗೆ ಕೈ ಹಾಕಿ ಡಿಸ್ಕು ಬಿಚ್ಚುತ್ತಾಳೆ.

ಸೂಜಿ ಮುರಿದಿದ್ದರೆ ಇನ್ನೊಂದು ಡಿಸ್ಕಿನ ಸೂಜಿ ತೆಗೆದು ಹಾಕಬೇಕು. ಯಾವುದೋ ಒಂದು ನಡೆಯುವುದಿಲ್ಲ. ಕಂಪನಿ, ಮಾಡೆಲ್ಲು, ತಯಾರಾದ ಊರು, ತಿಂಗಳು ಎಲ್ಲ ಕೂಡಿಬರಬೇಕು. ನಮ್ಮಲ್ಲಿ ಲಗ್ನಕ್ಕೂ ಇಷ್ಟು ನೋಡುವುದಿಲ್ಲ. ಒಂದು ದಿನ ಚೇಷ್ಟೆಗೆ "ಸಿಕ್ಕರೇನ ಬೀಗರು?" ಎಂದು ಕೇಳಿದ್ದೆ, ಅಂದಿನಿಂದ ಹೊಂದುವ ಡಿಸ್ಕಿಗೆ ಅವಳ ಅಂಗಡಿಯಲ್ಲಿ ಬೀಗರು ಎಂದೇ ಹೆಸರು. ಕೆಟ್ಟ ಡಿಸ್ಕುಗಳನ್ನು ತುಂಬಿಟ್ಟ ಅಪ್ಪನ ಕಾಲದ ಟ್ರಂಕು ಬೀಗರ ಮನೆಯಾಯಿತು.

ಈ ಕೆಲಸಕ್ಕೆ ಬರುವ ಮೊದಲು ಅವಳು ಲಗ್ನದ ವಿಡಿಯೋ ಮಾಡುತ್ತಿದ್ದಳು. ಒಬ್ಬಳೇ ಅಲ್ಲ, ಕಾಲೇಜಿನಿಂದ ಜೊತೆಗಿದ್ದ ಗೆಳತಿ ಶೈಲಾ ಕೂಡ. ಶೈಲಾ ಕ್ಯಾಮೆರಾ ಹಿಡಿಯುವವಳು, ರೂಬಿನಾ ಲೈಟು. ಹುಡುಗಿಯರು ಕ್ಯಾಮೆರಾ ಹೊತ್ತು ಹೊರಟರೆಂದು ಊರು ಮೊದಲು ನಕ್ಕಿತು. ಆಮೇಲೆ, ಅರಿಷಿಣ ಹಚ್ಚುವಲ್ಲಿಗೂ ಅಡುಗೆಮನೆಗೂ ಇವರನ್ನು ಸಂಕೋಚವಿಲ್ಲದೆ ಬಿಟ್ಟುಕೊಳ್ಳಬಹುದು ಎಂದು ಹೆಣ್ಣುಮಕ್ಕಳಿಗೆ ತಿಳಿದ ಮೇಲೆ, ಗೌಡರ ಮನೆಯಿಂದ ಹಿಡಿದು ಕೂಲಿಯವರ ಮನೆಯತನಕ ಇವರೇ ಬೇಕಾದರು. ಹುಬ್ಬಳ್ಳಿಗೆ ಹೋಗಿ ಒಂದೇ ದಿನ, ಒಂದೇ ಡಬ್ಬಿಯಿಂದ, ಎರಡು ಹಾರ್ಡ್ ಡಿಸ್ಕು ತಂದಿದ್ದರು. ಒಂದರಲ್ಲಿ ಶೂಟಿಂಗ್ ಮಾಡಿದ್ದು ಹಾಗೇ ಹಸಿಯಾಗಿ, ಇನ್ನೊಂದರಲ್ಲಿ ಹಾಡು ಕೂಡಿಸಿ ತಯಾರಾದದ್ದು. ಕ್ಯಾಮೆರಾದ ಟೇಪುಗಳನ್ನು ಮಾತ್ರ ಅಳಿಸಿ ಮುಂದಿನ ಲಗ್ನಕ್ಕೆ ಮತ್ತೆ ಬಳಸುತ್ತಿದ್ದರು.

ದಿನವಿಡೀ ಗೋಡೆಯ ಆಚೆ ಅವರ ಮಾತು. "ಚಾ ತರ್ತೀಯೇನ ಬೇ?" "ನೀನ ಹೋಗ ಬೇ, ನನ್ನ ಕಾಲ ಸತ್ತಾವು." ನಮ್ಮ ಕಡೆ ಬೇ ಎಂದರೆ ಬೈಗುಳವಲ್ಲ, ಸಲುಗೆ. ತಾಯಿಗೂ ಅನ್ನುತ್ತಾರೆ, ಜೀವದ ಗೆಳತಿಗೂ ಅನ್ನುತ್ತಾರೆ. ಅವರ ಗದ್ದಲಕ್ಕೆ ನಾನು ಎಷ್ಟೋ ಸಲ ಗೋಡೆ ಗುದ್ದಿದ್ದೇನೆ. ಈಗ ಆ ಗದ್ದಲ ನೆನೆಸಿಕೊಂಡು ಕೂರುತ್ತೇನೆ.

ಅದು ನಿಂತದ್ದು ಯಮನೂರಿನ ಒಂದು ಲಗ್ನದ ಸಲುವಾಗಿ. ಮದುಮಕ್ಕಳು ಒಡಪು ಹೇಳುವುದು ನಮ್ಮಲ್ಲಿ ಪದ್ಧತಿ. ಗಂಡನ ಹೆಸರು ಹೆಂಡತಿ, ಹೆಂಡತಿಯ ಹೆಸರು ಗಂಡ, ಪ್ರಾಸದ ಸಾಲಿನಲ್ಲಿ ಸೇರಿಸಿ ಎಲ್ಲರೆದುರು ಹೇಳಬೇಕು. ಡಿವಿಡಿ ತಯಾರು ಮಾಡುವಾಗ ಶೈಲಾ ಅದರ ಮೇಲೂ ಸಿನಿಮಾ ಹಾಡು ಕೂರಿಸಿದಳು. ಆಗ ಎಲ್ಲ ಲಗ್ನದ ವಿಡಿಯೋಗಳಲ್ಲೂ ಅದೇ ರಿವಾಜು.

"ಒಡಪಿನ ಮ್ಯಾಲರೆ ಹಾಡ ಬ್ಯಾಡ ಬೇ, ಅವರ ದನೀನ ಇರಲಿ" ಎಂದಳು ರೂಬಿನಾ.

"ಆ ಹುಡುಗ ಒಡಪು ಮರತ ನಿಂತಾನ. ಮಂದಿ ನಗತಾರ. ದುಡ್ಡು ಕೊಟ್ಟ ಗಿರಾಕಿಗೆ ಹಾಡ ಬೇಕು. ನಿಮ್ಮಪ್ಪನಂಗ ರೇಡಿಯೋದ ಗೊರಗೊರ ದನಿ ಕೇಳಕೋತ ಕುಂತರ ಅಂಗಡಿ ನಡಿಯಂಗಿಲ್ಲ."

ಅಪ್ಪ ತೀರಿ ವರ್ಷವೂ ಆಗಿರಲಿಲ್ಲ. ಗೋಡೆಯ ಆಚೆ ಕುರ್ಚಿ ಸರಿದ ಸಪ್ಪಳವಾಯಿತು. ಆಮೇಲೆ ರೂಬಿನಾಳ ದನಿ ಬಂತು, "ಆತ್ರಿ. ನಿಮಗ ತಿಳದಂಗ ಮಾಡ್ರಿ."

ಕೈಯಲ್ಲಿದ್ದ ಪೆನ್ನು ಕೆಳಗಿಟ್ಟೆ. ಬೈದಾಡಿದ್ದರೆ ಸಂಜೆಗೆ ಕೂಡಿಕೊಳ್ಳುತ್ತಿದ್ದರು. ಇವಳು ಬೇ ಬಿಟ್ಟು ರಿ ಹಚ್ಚಿದಳು, ಅವಳೂ ತಿರುಗಿ ರಿ ಹಚ್ಚಿದಳು. ತಿಂಗಳೊಪ್ಪತ್ತಿನಲ್ಲಿ ಪಾಲಾಯಿತು. ಹಸಿ ಡಿಸ್ಕು ರೂಬಿನಾಳಿಗೆ, ಹಾಡಿನ ಡಿಸ್ಕು ಶೈಲಾಳಿಗೆ. ಶೈಲಾ ಮದುವೆಯಾಗಿ ಕುಂದಗೋಳಕ್ಕೆ ಹೋಗಿ ಫ್ಲೆಕ್ಸ್ ಬ್ಯಾನರಿನ ಅಂಗಡಿ ಹಾಕಿದಳು. ಎಲ್ಲರ ಕೈಗೂ ಮೊಬೈಲು ಬಂದು ವಿಡಿಯೋ ಧಂದೆ ಮುಗಿದ ಮೇಲೆ ರೂಬಿನಾ ಪುಣೆಗೆ ಹೋಗಿ ಈ ಡಿಸ್ಕಿನ ಕೆಲಸ ಕಲಿತು ಬಂದಳು. ಹತ್ತು ಹನ್ನೆರಡು ವರ್ಷ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ಯಮನೂರಿನಿಂದ ಮಲ್ಲಮ್ಮ ಬಂದಳು. ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಣ್ಣುಮಗಳು. ಆ ಲಗ್ನ ಅವಳದೇ. ಗಂಡ ಯಲ್ಲೇಶ ಟ್ರ್ಯಾಕ್ಟರ್ ಹೊಡೆಯುತ್ತಿದ್ದವನು, ಲಕ್ವಾ ಹೊಡೆದು ಮಾತು ಹೋಗಿದೆ. ಕೈಕಾಲು ಒಂದಿಷ್ಟು ಬಂದಿವೆ, ಮಾತು ಬಂದಿಲ್ಲ. ಮಲ್ಲಮ್ಮ ಸೆರಗಿನಿಂದ ಡಿವಿಡಿ ತೆಗೆದು ಮೇಜಿನ ಮೇಲಿಟ್ಟಳು.

"ಇದರಾಗ ಅವರ ಬಾಯಿ ಆಡೂದು ಕಾಣತೈತ್ರಿ ಅಕ್ಕಾರ, ದನಿ ಇಲ್ಲ. ಬರೇ ಹಾಡ. ನನ್ನ ಹೆಸರು ಹಿಡದು ಅವರು ಕರದದ್ದು ಅದೊಂದ ಸಲರಿ. ಉಳದದ್ದೆಲ್ಲಾ ಏ, ಕೇಳಿಲ್ಲೆ, ಎಲ್ಲದೀ, ಇಷ್ಟ. ಇನ್ನ ಅದೂ ಇಲ್ಲ. ಆ ಒಂದ ಸಲದ್ದು ಸಿಗತೈತೇನ್ರಿ?"

ನಾನು ತಲೆ ತಗ್ಗಿಸಿದೆ. ನಾನೂ ಹೆಂಡತಿಯನ್ನು ಜನ್ಮವಿಡೀ 'ಏ' ಎಂದೇ ಕರೆದವನು.

ರೂಬಿನಾಳಿಗೆ ಧೈರ್ಯವಿತ್ತು. ಹಸಿ ಡಿಸ್ಕು ಅವಳ ಹತ್ತಿರವೇ ಇದೆ. ಬಟ್ಟೆ ಸುತ್ತಿ ಜೋಪಾನವಾಗಿಟ್ಟದ್ದನ್ನು ತಂದು ಮಷೀನಿಗೆ ಹಚ್ಚಿದಳು. ಟಕ್ ಟಕ್ ಟಕ್ ಎಂದಿತು. ಈ ಸದ್ದು ನನಗೂ ಗೊತ್ತು, ಸೂಜಿ ಹೋದ ಸದ್ದು. ಊರ ಡಿಸ್ಕನ್ನೆಲ್ಲ ಬದುಕಿಸುವವಳ ಮನೆಯ ಡಿಸ್ಕೇ ಇಟ್ಟಲ್ಲೇ ಸತ್ತಿತ್ತು. ತಟಕ್ಕನೆ ಕರೆಂಟು ತೆಗೆದಳು, ಮಲ್ಲಮ್ಮನಿಗೆ "ನಾ ಹೇಳಿ ಕಳಸ್ತೀನಿ" ಎಂದಷ್ಟೇ ಹೇಳಿದಳು.

ಬೀಗರನ್ನು ಹುಡುಕಿದಳು. ಟ್ರಂಕಿನಲ್ಲಿ ಇಲ್ಲ, ಹುಬ್ಬಳ್ಳಿಯಲ್ಲಿ ಇಲ್ಲ, ಪುಣೆಯಲ್ಲಿ ಕೇಳಿಸಿದರೂ ಇಲ್ಲ. ಅಷ್ಟು ಹಳೆಯ ಮಾಲು ಈಗ ಯಾರಿಡುತ್ತಾರೆ? ಎಲ್ಲ ರೀತಿಯಿಂದ ಹೊಂದುವ ಡಿಸ್ಕು ಒಂದೇ ಇದೆಯೆಂದು ಅವಳಿಗೆ ಮೊದಲ ದಿನವೇ ಗೊತ್ತಿತ್ತು. ನನಗೂ ಗೊತ್ತಿತ್ತು. ಅವಳು ಸುಮ್ಮನೆ ಫೋನು ಮಾಡುತ್ತ ಕೂತದ್ದು ನೋಡಿ ನನಗೆ ಸಿಟ್ಟು ಬಂತು.

"ಬೀಗರು ಕುಂದಗೋಳದಾಗ ಅದಾರ. ಎಷ್ಟ ದಿವಸ ಊರೂರು ಕೇಳ್ತೀ? ಏಳ ಇನ್ನ" ಎಂದೆ.

"ನೀವೂ ಬರ್ರಿ ಕಾಕಾ" ಎಂದಳು.

ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಕುಂದಗೋಳ ಮುಟ್ಟಿದೆವು. ಶೈಲಾ ದಪ್ಪಗಾಗಿದ್ದಳು, ಕನ್ನಡಕ ಬಂದಿತ್ತು. ನಮ್ಮನ್ನು ನೋಡಿ ಎದ್ದು ನಿಂತಳು. "ಬರ್ರಿ, ಕುಂದರ್ರಿ. ಚಾ ತಗೋತೀರೇನ್ರಿ?" ಆ ಒಂದೊಂದು ರಿ ನನಗೇ ಚುಚ್ಚುತ್ತಿತ್ತು, ರೂಬಿನಾಳಿಗೆ ಹೇಗಾಗಿತ್ತೋ. ರೂಬಿನಾ ಮಲ್ಲಮ್ಮನ ವಿಷಯ, ಸೂಜಿಯ ವಿಷಯ ಪೂರಾ ಹೇಳಿದಳು.

"ಸೂಜಿ ತಗದ ಮ್ಯಾಲ ನನ್ನ ಡಿಸ್ಕು ನಡೀತೈತೇನ್ರಿ?" ಎಂದು ಶೈಲಾ ಕೇಳಿದಳು.

"ಇಲ್ರಿ. ಒಳಗಿಂದೆಲ್ಲಾ ಮೊದಲ ಹೊಸಾ ಡಿಸ್ಕಿಗೆ ಇಳಿಸಿಕೊಡ್ತೀನಿ. ಆದರ ಇದು ಮುಗೀತ್ರಿ."

ಶೈಲಾ ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಕೊಡುವುದಿಲ್ಲವೆಂದೇ ನಾನು ತಿಳಿದೆ. ಬಂದಾಗ ಕೈಯಲ್ಲಿ ಡಿಸ್ಕಿತ್ತು, ಅದೇ ಹುಬ್ಬಳ್ಳಿಯ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. "ಆ ದನಿ ಮ್ಯಾಲ ಹಾಡ ಹಾಕಿದಾಕಿ ನಾನ. ತಗೋರಿ. ಸಿಕ್ಕ ದಿವಸ ನನಗೂ ತಿಳಸ್ರಿ" ಎಂದಳು.

ಶೈಲಾಳದನ್ನೆಲ್ಲ ಹೊಸ ಡಿಸ್ಕಿಗೆ ಇಳಿಸಿದ ಮೇಲೆ ರೂಬಿನಾ ಗಾಜಿನ ಪೆಟ್ಟಿಗೆಯಲ್ಲಿ ಎರಡೂ ಡಿಸ್ಕು ಬಿಚ್ಚಿದಾಗ ನಾನು ಹೊರಗೆ ಕಟ್ಟೆಯ ಮೇಲಿದ್ದೆ, ಒಳಗೆ ಉಸಿರು ಬಿಡಲಿಕ್ಕೂ ಅಂಜಿಕೆ. ಸೂಜಿಗಳು ಒಂದಕ್ಕೊಂದು ತಾಗದ ಹಾಗೆ ನಡುವೆ ಸಣ್ಣ ಬಾಚಣಿಗೆಯಂಥದ್ದು ತೂರಿಸಿ, ಶೈಲಾಳ ಡಿಸ್ಕಿನಿಂದ ತೆಗೆದು ಹಸಿ ಡಿಸ್ಕಿಗೆ ಕೂರಿಸಿದಳು. ಆಮೇಲೆ ಮಷೀನಿನ ಕೆಲಸ. ಅದು ಡಿಸ್ಕನ್ನು ಒಮ್ಮೆಲೇ ಓದುವುದಿಲ್ಲ. ತುಸು ಓದಿ, ಬರದಿದ್ದರೆ ಅಲ್ಲಿಗೇ ಬಿಟ್ಟು ಮುಂದೆ ಹೋಗಿ, ತಿರುಗಿ ಬಂದು ಕೇಳುತ್ತದೆ. ಹೊಸ ಸೂಜಿ ಎಷ್ಟು ಹೊತ್ತು ತಾಳುತ್ತದೋ ಯಾರಿಗೂ ಹೇಳಲು ಬರುವುದಿಲ್ಲ. ಹಾಗಾಗಿ ಮಿಕ್ಕದ್ದೆಲ್ಲ ಬಿಟ್ಟು ಯಮನೂರಿನ ಲಗ್ನಕ್ಕೇ ಮೊದಲು ಕೈ ಹಾಕಿದಳು. ಅದು ಬಂತು. ಉಳಿದ ಲಗ್ನಗಳಲ್ಲಿ ಅರ್ಧ ಬರುವಷ್ಟರಲ್ಲಿ ಮತ್ತೆ ಟಕ್ ಟಕ್ ಎಂದು ಡಿಸ್ಕು ನಿಂತೇಹೋಯಿತು.

ಮಲ್ಲಮ್ಮ ಗಂಡನನ್ನು ಕರೆದುಕೊಂಡು ಬಂದಳು. ಶೈಲಾ ಕುಂದಗೋಳದಿಂದ ಬಂದು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಪರಸ್ಥಳದವರ ಹಾಗೆ ಕೂತಳು. ರೂಬಿನಾ ವಿಡಿಯೋ ಹಚ್ಚಿದಳು. ಹಂದರದ ಕೆಳಗೆ ಬಾಸಿಂಗ ಕಟ್ಟಿದ ಯಲ್ಲೇಶ, ಸುತ್ತ ಹೆಣ್ಣುಮಕ್ಕಳು. ಹಾಡಿಲ್ಲ. ಪಾತ್ರೆಗಳ ಸಪ್ಪಳ, ಕೂಸಿನ ಅಳು, ಯಾರೋ ಕೆಮ್ಮಿದ್ದು. ಆಮೇಲೆ ಅವನ ದನಿ, ಎಳೆಯದು, ನಡುಗುವಂಥದು.

"ಬೆಣ್ಣಿಹಳ್ಳದ ದಂಡ್ಯಾಗ ಬಿಳಿಜ್ವಾಳದ ತೆನಿ ಸಾಲ..."

ಅಲ್ಲಿಗೆ ನಿಂತ. ಹೆಣ್ಣುಮಕ್ಕಳು ನಕ್ಕರು. ಅವನು ಬೆವರು ಒರೆಸಿಕೊಂಡು ಬಾಜೂಕಿದ್ದವಳ ಕಡೆ ತಿರುಗಿದ. "ಮಲ್ಲವ್ವಾ, ನನಗ ಬರವಲ್ದು. ನೀನ ಹೇಳ ಮಲ್ಲವ್ವಾ."

ರೂಬಿನಾ ಅಲ್ಲಿಗೆ ನಿಲ್ಲಿಸಿದಳು. ಯಲ್ಲೇಶ ಪರದೆಯನ್ನೇ ನೋಡುತ್ತಿದ್ದ, ಬಾಯಿ ಅರ್ಧ ತೆರೆದಿತ್ತು. ಮಲ್ಲಮ್ಮ ಅವನ ಸೋತ ಕೈ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. "ಎರಡ ಸಲ ಕರದಾರ ನೋಡ್ರಿ ಅಕ್ಕಾರ, ನಾ ಒಂದ ಅಂತಿದ್ದೆ" ಎಂದಳು. ಆಮೇಲೆ ಗಂಡನಿಗೆ, ಅವನು ಬಿಟ್ಟ ಸಾಲಿಗೆ ಸಾಲು ಕೂಡಿಸಿ, "ಈಗೂ ನಾನ ಹೇಳ್ತೀನಿ ತಗೋ. ಮಲ್ಲವ್ವನ ಕೈ ಹಿಡದೀನಿ, ಬಿಡಾಂವಲ್ಲ ಬಾಳ ಕಾಲ." ನನಗೆ ಅಳು ತಡೆಯಲಾಗಲಿಲ್ಲ, ತಡೆಯಲು ಹೋಗಲೂ ಇಲ್ಲ.

"ಇನ್ನೊಮ್ಮಿ ಹಚ್ಚರಿ" ಎಂದು ಮಲ್ಲಮ್ಮ ಕೇಳಿದಳು.

ಈ ಸಲ ರೂಬಿನಾ ನಿಲ್ಲಿಸುವುದನ್ನು ಮರೆತಳು. ನೀನ ಹೇಳ ಮಲ್ಲವ್ವಾ ಎಂಬುದಾದ ಮೇಲೆ ಕ್ಯಾಮೆರಾದ ಹಿಂದಿನಿಂದ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕದ್ದು ಕೇಳಿತು, ಹಂದರವೆಲ್ಲ ಪರದೆಯಲ್ಲಿ ಅಲುಗಿತು. ಆಮೇಲೆ ಇನ್ನೊಬ್ಬಳ ಪಿಸುದನಿ, ಅಂಗಡಿ ತುಂಬ.

"ನಗಬ್ಯಾಡ ಬೇ ಶೈಲೀ, ಕ್ಯಾಮೆರಾ ಅಳ್ಳಾಡತೈತಿ."

"ಅಳ್ಳಾಡವಲ್ದು ಬೇ, ಸುಮ್ನ ಲೈಟ್ ಹಿಡಿ" ಎಂಬ ಉತ್ತರ ಬಂತು. ಅದು ವಿಡಿಯೋದಿಂದ ಬಂದದ್ದಲ್ಲ, ಬಾಗಿಲ ಹತ್ತಿರದ ಸ್ಟೂಲಿನಿಂದ.

ಅಂದದ್ದು ಶೈಲಾಳಿಗೇ ಆಮೇಲೆ ತಿಳಿಯಿತು, ಬಾಯಿಗೆ ಸೆರಗು ಹಿಡಿದಳು. ರೂಬಿನಾ ಪರದೆಯಿಂದ ಕಣ್ಣು ತೆಗೆಯಲಿಲ್ಲ, ಕಣ್ಣು ತುಂಬಿದ್ದವು.

"ಅಳ್ಳಾಡೇತಿ ಬೇ" ಎಂದಳು. "ಇಲ್ಲೆ ಬಂದ ನೋಡು."