ಅರ್ಧ ತೋಳಿನ ನಿಯಮ

ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನ್ನನ್ನು ಡಿಸೆಂಬರಿನ ಒಂದು ಭಾನುವಾರ ಅಫಜಲಪುರದ ಪರೀಕ್ಷಾ ಕೇಂದ್ರದ ಬಾಗಿಲಿಗೆ ಹಾಕಿದ್ದರು. ಸರ್ಕಾರಿ ನೌಕರಿಯ ಪರೀಕ್ಷೆ. ಹೆಣ್ಣುಮಕ್ಕಳನ್ನು ತಪಾಸಣೆ ಮಾಡಿ ಒಳಗೆ ಬಿಡುವುದು ನನ್ನ ಕೆಲಸ. ತಾಳಿ, ಕಾಲುಂಗುರ ಇರಬಹುದು, ಕಿವಿಯೋಲೆ ಕೂಡದು. ಅರ್ಧ ತೋಳು ನಡೆಯುತ್ತದೆ, ತುಂಬು ತೋಳು ನಡೆಯುವುದಿಲ್ಲ. ಎಲ್ಲೋ ಯಾರೋ ತೋಳಿನೊಳಗೆ ಬ್ಲೂಟೂತ್ ಅಡಗಿಸಿ ಸಿಕ್ಕಿಬಿದ್ದ ಮೇಲೆ ಬಂದ ನಿಯಮ. ಕತ್ತರಿಯನ್ನೂ ಕೇಂದ್ರದವರೇ ಕೊಟ್ಟಿದ್ದರು. ಬೆಳಗಿನಿಂದ ಏಳೆಂಟು ಚೂಡಿದಾರಗಳ ತೋಳು ಕತ್ತರಿಸಿದ್ದೆ. ಹುಡುಗಿಯರು ನಗುತ್ತಲೇ ಕೈ ಚಾಚಿದ್ದರು.

ಗೇಟು ಮುಚ್ಚಲು ಹತ್ತು ನಿಮಿಷವಿದ್ದಾಗ ಒಬ್ಬಳು ಏದುಸಿರು ಬಿಡುತ್ತ ಓಡಿಬಂದಳು. ಇಪ್ಪತ್ತೈದರ ಆಸುಪಾಸು, ತುಂಬು ತೋಳಿನ ಚೂಡಿದಾರ. ಕತ್ತರಿ ಕಂಡದ್ದೇ ಎರಡೂ ಕೈ ಬೆನ್ನ ಹಿಂದೆ ಒಯ್ದಳು.

“ಟೀಚರ್, ತೋಳು ಕತ್ತರಿಸಬ್ಯಾಡ್ರಿ. ಬೇಕಾದ್ರ ಒಳಗ ಕರ್ಕೊಂಡು ಹೋಗಿ ಚೆಕ್ ಮಾಡ್ರಿ.”

ಪರದೆಯ ಹಿಂದೆ ಅವಳೇ ತೋಳು ಮೇಲೇರಿಸಿದಳು. ಎರಡೂ ಕೈಗಳಲ್ಲಿ, ಮಣಿಕಟ್ಟಿನಿಂದ ಮೊಣಕೈಯವರೆಗೆ, ಸುಟ್ಟ ಚರ್ಮ ಗಂಟುಗಂಟಾಗಿ ಎಳೆದುಕೊಂಡಿತ್ತು.

“ಗಂಡನ ಮನ್ಯಾಗ ಸ್ಟವ್ ಸಿಡೀತ್ರಿ,” ಎಂದು ತೋಳು ಇಳಿಸಿಕೊಂಡಳು.

ಅಲ್ಲಿ ಯಂತ್ರವೂ ಇಲ್ಲ, ಚೀಟಿಯೂ ಇಲ್ಲ ಎಂದು ಕಣ್ಣಾರೆ ಕಂಡಿದ್ದೆ. ಆದರೂ ಅವಳನ್ನು ಕರೆದುಕೊಂಡು ಮೇಲ್ವಿಚಾರಕರ ಬಳಿ ಹೋದೆ. ಅವರು ಕೈಪಿಡಿ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. ಇಂಥ ತೊಂದರೆ ಇದ್ದವರಿಗೆ ವಿನಾಯಿತಿ ಇತ್ತು, ಆದರೆ ಒಂದು ತಾಸು ಮುಂಚೆ ಬಂದು ಅರ್ಜಿ ಕೊಟ್ಟಿರಬೇಕಿತ್ತು.

“ಮುಂಜಾನೆ ಲಗೂ ಬಂದಿದ್ರ ನಡೀತಿತ್ತು. ಈಗ ಬಿಟ್ರ ನಿಮ್ಮ ಮ್ಯಾಲೂ ಬರ್ತದ, ನನ್ನ ಮ್ಯಾಲೂ ಬರ್ತದ,” ಎಂದರು.

“ಗೊಬ್ಬೂರಿಂದ ಮೊದಲ್ನೇ ಬಸ್ಸಿಗೇ ಬಂದೀನ್ರೀ ಸರ್,” ಎಂದಳು ಅವಳು.

ಬೆಲ್ ಹೊಡೆಯಿತು. ಅವಳು ತಾನಾಗಿಯೇ ಕೈ ಮುಂದೆ ಮಾಡಿದಳು. ನಾನು ಕತ್ತರಿಸಿದೆ. ಒಲ್ಲೆ ಎನ್ನಬಹುದಿತ್ತು. ನನ್ನ ನೌಕರಿಯೇನೂ ಹೋಗುತ್ತಿರಲಿಲ್ಲ, ಒಂದು ನೋಟಿಸು ಬರುತ್ತಿತ್ತು ಅಷ್ಟೆ. ಅದು ನನಗೆ ಆಗಲೇ ಗೊತ್ತಿತ್ತು.

ಆಮೇಲೆ ಕಿಟಕಿಯಿಂದ ನೋಡಿದೆ. ಎಡಗೈಯನ್ನು ಡೆಸ್ಕಿನ ಕೆಳಗೆ ಇಳಿಬಿಟ್ಟಿದ್ದಳು. ಬಲಗೈ ಮುಚ್ಚಿಕೊಳ್ಳುವಂತಿರಲಿಲ್ಲ, ಬರೆಯಬೇಕಿತ್ತು. ಪಕ್ಕದ ಸಾಲಿನವಳು ಪ್ರಶ್ನೆಪತ್ರಿಕೆ ಬಿಟ್ಟು ಆ ಕೈಯನ್ನೇ ನೋಡುತ್ತಿದ್ದಳು.

ಪರೀಕ್ಷೆ ಮುಗಿದು ಅವಳು ಹೊರಬಂದಾಗ ಬ್ಯಾಗಿನಲ್ಲಿದ್ದ ನನ್ನ ಸ್ವೆಟರ್ ಕೊಡಲು ಹೋದೆ.

“ಬ್ಯಾಡ್ರಿ. ಈಗ ಎಲ್ಲಾರೂ ನೋಡ್ಯಾರ,” ಎಂದವಳೇ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಅವಳು ಆಯ್ಕೆಯಾದಳೋ ಇಲ್ಲವೋ ತಿಳಿಯದು. ಹಾಲ್‌ಟಿಕೆಟ್ಟಿನಲ್ಲಿದ್ದ ಹೆಸರನ್ನೂ ನಾನು ಓದಿರಲಿಲ್ಲ. ಯಾವುದೇ ಅಹಿತಕರ ಘಟನೆ ನಡೆದಿಲ್ಲವೆಂಬ ವರದಿಗೆ ಎಲ್ಲರ ಜೊತೆ ಸಹಿ ಹಾಕಿ, ಸಂಜೆ ನಾಲ್ಕಕ್ಕೆ ಮನೆಗೆ ಹೋದೆ.