ಸೊಸೆಯಾಗಿ ಬಂದ ಸಂದೂಕ

ಮೊನ್ನೆ ನಮ್ಮ ಪಕ್ಕದ ಮನೆಯವರು ಒಂದು ಹಳೆಯ ಮರದ ಪೆಟ್ಟಿಗೆ ಕೊಂಡು ತಂದು, ಬಂದು ನೋಡಿ ಎಂದು ಕರೆದರು. ಬಾಗಿಲಲ್ಲೇ ಪಾಲಿಶಿನ ವಾಸನೆ ಮೂಗಿಗೆ ಬಡಿಯಿತು. ನವಾಬರ ಕಾಲದ್ದಂತೆ. ಮುಟ್ಟಿದರೆ ನವಾಬರ ಕಾಲ ಇನ್ನೂ ಕೈಗೆ ಅಂಟುತ್ತಿತ್ತು. ನಾನು ತಲೆದೂಗಿ ಚಹಾ ಕುಡಿದು ಬಂದೆ. ಇನ್ನೊಬ್ಬರ ಮನೆಯ ಚಹಾ ಕುಡಿಯುವಾಗ ನಾನು ನಿಜ ಹೇಳುವವನಲ್ಲ. ಆದರೆ ಆ ವಾಸನೆ ನನ್ನನ್ನು ಹುಮನಾಬಾದಿಗೆ, ನಮ್ಮ ಕಾಕಾನ ಪಡಸಾಲೆಗೆ ಎಳೆದುಕೊಂಡು ಹೋಯಿತು. ನೀವೂ ಬನ್ನಿ. ನೋಡಿಕೊಂಡು ಕೂತುಕೊಳ್ಳಿ ಮಾತ್ರ, ಅಲ್ಲಿ ಯಾವುದರ ಪಾಲಿಶೂ ಒಣಗಿರುತ್ತಿರಲಿಲ್ಲ.

ಕಾಕಾ ಎಂದರೆ ನನ್ನ ತಂದೆಯ ತಮ್ಮ. ಸಂದೂಕ, ಅಂದರೆ ದೊಡ್ಡ ಮರದ ಪೆಟ್ಟಿಗೆ, ಅವನ ಹುಚ್ಚು. "ಇದು ಧಂದಾ ಅಲ್ಲೋ ತಮ್ಮಾ, ಶೌಕ" ಎನ್ನುತ್ತಿದ್ದ. ಕೊಳ್ಳುವಾಗ ಅದು ಶೌಕ, ಮಾರುವಾಗ ಧಂದಾ. ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಜಾಗೀರು ಹೋದ ಮೇಲೆ ಕಲ್ಯಾಣದ ದೊಡ್ಡ ಮನೆಗಳು ಮೊದಲು ಕುದುರೆ ಮಾರಿದವು, ಆಮೇಲೆ ಜಮಖಾನೆ, ಕಡೆಗೆ ಸಂದೂಕ. ಕಾಕಾ ಹಿಂದಿನ ಬಾಗಿಲಿನಿಂದ, ಯಾರೋ ತೀರಿಕೊಂಡವರ ಮನೆಗೆ ಹೋಗುವ ಮುಖ ಮಾಡಿಕೊಂಡು ಹೋಗಿ, ಅರ್ಧ ಬೆಲೆಗೆ ಎತ್ತಿಕೊಂಡು ಬರುತ್ತಿದ್ದ.

ಆ ಮನೆಗಳು ಬರಿದಾದ ಮೇಲೆ ಒಕ್ಕಲಿಗರ ಮನೆಗಳಿಗೆ ತಿರುಗಿದ. ಹೈದರಾಬಾದಿನ ಗಿರಾಕಿಗಳಿಗೆ ಒಕ್ಕಲಿಗರು ಬೇಡ, ನವಾಬರೇ ಬೇಕು. ಕಾಕಾ ಅದಕ್ಕೂ ಹಿಂಜರಿಯಲಿಲ್ಲ. ಹಿತ್ತಾಳೆಯ ಪಟ್ಟಿಗಳನ್ನು ತಿಪ್ಪೆಯಲ್ಲಿ ಹೂತು ಮುಪ್ಪು ಬರಿಸುವನು, ಕಟ್ಟಿಗೆಗೆ ಪಾಲಿಶು ಬಳಿದು ಪ್ರಾಯ ಬರಿಸುವನು. ಮನ್ನಾಏಖೇಳ್ಳಿಯಲ್ಲಿ ಕಡಲೆ ತುಂಬಿಟ್ಟಿದ್ದ ಸಂದೂಕ ಹೈದರಾಬಾದು ಮುಟ್ಟುವಷ್ಟರಲ್ಲಿ ಬೇಗಮಳ ಒಡವೆ ಪೆಟ್ಟಿಗೆ. ಅವನು ಮಾರಿದ ಸಂದೂಕಗಳಿಗೆಲ್ಲ ಒಬ್ಬೊಬ್ಬ ಬೇಗಮ್ ಇದ್ದಿದ್ದೇ ಆದರೆ ನವಾಬರಿಗೆ ರಾಜ್ಯ ಆಳಲು ಪುರುಸೊತ್ತೇ ಸಿಗುತ್ತಿರಲಿಲ್ಲ.

ಅವನ ನಿಜವಾದ ಬಂಡವಾಳ ಬಾಯಿ. ಅದೇ ಅವನನ್ನು ಕೆಡವಿತು.

ಚಿಟಗುಪ್ಪದ ಹತ್ತಿರದ ಹಳ್ಳಿಯಲ್ಲಿ ನೀಲಮ್ಮ ಎಂಬ ವಿಧವೆ. ಮಕ್ಕಳು ಪಾಲಾಗಿ ಮನೆ ನಡುವೆ ಗೋಡೆ ಎದ್ದಿತ್ತು, ಅವಳ ಗಾಲಿ ಸಂದೂಕ ಯಾವ ಪಾಲಿನಲ್ಲೂ ಹಿಡಿಸಲಿಲ್ಲ. ಕಾಕಾನ ಜೊತೆ ನಾನೂ ಹೋಗಿದ್ದೆ. ಆಗ ನನಗೆ ಮಾಸ್ತರಿಕೆ ಹೊಸದು, ಎಲ್ಲದಕ್ಕೂ ಗಂಭೀರವಾಗಿ ತಲೆಯಾಡಿಸುವುದೇ ನನ್ನ ಕೆಲಸವಾಗಿತ್ತು. ವ್ಯವಹಾರ ಮುಗಿದರೂ ನೀಲಮ್ಮ ಸಂದೂಕದ ಮೇಲಿನ ಕೈ ತೆಗೆಯಲೊಲ್ಲಳು.

"ನನಗ ಹೆಣ್ಣುಮಕ್ಕಳಿಲ್ರಿ. ಇದ ನನ್ನ ಮಗಳಿದ್ದಂಗ."

ಕಾಕಾ ಎದೆಯ ಮೇಲೆ ಕೈಯಿಟ್ಟ. "ಹಂಗಾದ್ರ ಚಿಂತಿ ಯಾಕ್ರಿ ಅಮ್ಮಾರ? ನಮ್ಮ ಮನಿಗಿ ಸೊಸಿ ಆಗಿ ಬರಾಕತ್ತಾಳ ಅನ್ಕೋರಿ."

ನೀಲಮ್ಮ ಕಣ್ಣೊರೆಸಿಕೊಂಡು ಒಳಗೆ ಹೋದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಒಂದು ಕುಬಸದ ಖಣ ತಂದು, ಗಂಡನ ಮನೆಗೆ ಹೊರಟ ಮಗಳಿಗೆ ಉಡಿ ತುಂಬುವಂತೆ ಸಂದೂಕದೊಳಗೆ ಇಟ್ಟಳು. "ಜ್ವಾಕಿ ಬೀಗರ" ಎಂದಳು. ಕಾಕಾ ಗಾಡಿಯಲ್ಲಿ ದಾರಿಯುದ್ದಕ್ಕೂ ನಗುತ್ತ ಸೊಸೆಯ ಉಡಿಯೊಳಗಿನ ಉತ್ತತ್ತಿ ತಿಂದ. ನನಗೂ ಕೊಟ್ಟ. ಚೆನ್ನಾಗಿದ್ದವು.

ವಾರ ತುಂಬುವ ಮೊದಲೇ ಸೊಸೆ ಹೈದರಾಬಾದಿಗೆ ಮಾರಾಟವಾದಳು.

ಶ್ರಾವಣ ಬಂತು, ಪಂಚಮಿ ಬಂತು. ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆಯುವುದು ನಿಮಗೆ ಗೊತ್ತೇ ಇದೆ. ಕಾಕಾನ ಹೆಂಡತಿ, ನಮ್ಮ ಕಾಕು, ಕಲ್ಯಾಣದವಳು. ತಾಯಿತಂದೆ ಹೋಗಿ, ಅಣ್ಣತಮ್ಮಂದಿರಿಲ್ಲದೆ, ಅವಳನ್ನು ಕರೆಯಲು ಯಾರೂ ಬರುತ್ತಿರಲಿಲ್ಲ. ಓಣಿಯ ಹೆಂಗಸರೆಲ್ಲ ತವರಿಗೆ ಹೊರಟಾಗ ಕಾಕು ಅವರಿಗೆ ಬುತ್ತಿ ಕಟ್ಟಿಕೊಡುವಳು. ತವರಿನದೆಂದು ಅವಳಿಗೆ ಉಳಿದದ್ದು ಮದುವೆಯಲ್ಲಿ ಕೊಟ್ಟ ಗಾಲಿ ಸಂದೂಕವೊಂದೇ. ಗಂಡನ ಗುಣ ಬಲ್ಲವಳಾದ್ದರಿಂದ ಹೈದರಾಬಾದಿನ ಗಿರಾಕಿ ಬಂದಾಗಲೆಲ್ಲ ಹೋಗಿ ಅದರ ಮೇಲೆ ಕೂತುಬಿಡುತ್ತಿದ್ದಳು.

ಆ ವರ್ಷ ಪಂಚಮಿಯ ಮುಂಚೆ ಬಾಗಿಲಿಗೆ ಎತ್ತಿನ ಗಾಡಿ ಬಂದು ನಿಂತಿತು. ನೀಲಮ್ಮ, ಅವಳ ಹಿರಿಮಗ, ಉಂಡಿ ತಂಬಿಟ್ಟಿನ ಬುಟ್ಟಿ.

"ಬೀಗರ, ಮಗಳನ್ನ ಪಂಚಮಿಗಿ ಕರಿಯಾಕ ಬಂದೇವ್ರಿ."

ನಿಜ ಹೇಳಲು ಅದೇ ಸಮಯವಾಗಿತ್ತು. ಕಾಕಾ "ಬರ್ರಿ, ಬರ್ರಿ" ಎನ್ನುತ್ತ ಒಳಗೆ ಓಡಿ, ಕಾಕುವಿನ ಸಂದೂಕದ ಸೀರೆಗಳನ್ನೆಲ್ಲ ಮಂಚದ ಮೇಲೆ ಸುರುವಿದ. "ಸುಮ್ನಿರು, ಹಬ್ಬ ಮುಗದ ಮ್ಯಾಲ ಹೊಳ್ಳಿ ತರ್ತೀನಿ" ಎಂದು ಪಿಸುಗುಟ್ಟಿದ. ಕಾಕು ಬಾಗಿಲ ಚೌಕಟ್ಟು ಹಿಡಿದು ನಿಂತಳು.

ನೀಲಮ್ಮ ಬಂದು ಮುಚ್ಚಳ ಎತ್ತಿ ಒಳಗೆ ಬಗ್ಗಿದಳು. "ಕರ್ಪೂರದ ವಾಸನಿ ಬರಾಕತ್ತದ. ನಮ್ಮಾಕಿಗಿ ಬೇವಿನ ಸೊಪ್ಪಿನ ವಾಸನಿ ಇತ್ತು."

"ಅತ್ತಿಮನಿ ವಾಸನಿ ಹತ್ತೇದ್ರಿ ಅಮ್ಮಾರ" ಎಂದ ಕಾಕಾ.

ನೀಲಮ್ಮ ಮಂಚದ ಮೇಲಿನ ಸೀರೆಗಳನ್ನು ನೋಡಿದಳು. ಆಮೇಲೆ ಕಾಕುವಿನ ಮುಖ ನೋಡಿದಳು.

"ಇದ ನಿನ್ನದೇನವ್ವಾ?"

"ಹೌದ್ರಿ."

"ತವರ ಯಾವೂರು?"

"ಕಲ್ಯಾಣರಿ. ಈಗ ಅಲ್ಲಿ ಯಾರೂ ಇಲ್ರಿ."

ನೀಲಮ್ಮ ಸಂದೂಕದ ಮೇಲೆ ಕೈಯಿಟ್ಟು ಕಾಕಾನ ಕಡೆ ತಿರುಗಿದಳು. ದನಿ ಏರಲಿಲ್ಲ. "ನನ್ನ ಮಗಳನ್ನ ಏನ ಮಾಡೀರಿ ಅಂತ ನಾ ಕೇಳಂಗಿಲ್ಲ ಬೀಗರ. ಈಕಿನ್ನ ಒಯ್ತೀನಿ. ನನ್ನಾಕಿ ನಮ್ಮ ಮನಿಗಿ ಬಂದ ದಿವಸ ಈಕಿನ್ನ ಕಳಸ್ತೀನಿ."

ಹಬ್ಬಕ್ಕೆ ಕರೆಯಲು ಬಂದವರಿಗೆ ಇಲ್ಲ ಎನ್ನುವಂತಿಲ್ಲ, ಇದು ಅವಳಲ್ಲ ಎನ್ನುವಂತೆಯೂ ಇಲ್ಲ. ಸಂದೂಕ ಗಾಡಿ ಏರಿತು. ನಾನೇ ಒಂದು ಕಡೆ ಹಿಡಿದು ಎತ್ತಿದೆ, ಆಗಲೂ ಗಂಭೀರವಾಗಿಯೇ. ಕಾಕು ಸೀರೆಗಳನ್ನು ಒಂದೊಂದಾಗಿ ಮಡಚಿ ಒಳಗಿಟ್ಟು, ಮುಚ್ಚಳ ಹಾಕಿ, ತಾನೂ ಗಾಡಿ ಹತ್ತಿ ಅದರ ಮೇಲೆ ಕೂತಳು.

"ನೀ ಎಲ್ಲಿಗಿ?" ಎಂದ ಕಾಕಾ.

"ಸಂದೂಕ ಹೋದಲ್ಲಿಗಿ."

"ಮತ್ತ ನನ್ನ ಊಟ?"

ನೀಲಮ್ಮ ಬುಟ್ಟಿಯಿಂದ ಒಂದು ಉಂಡಿ ತೆಗೆದು ಕಾಕುವಿನ ಕೈಗೆ ಕೊಟ್ಟಳು.

ಹಬ್ಬ ಮುಗಿಸಿ ಕಾಕು ಮೈ ತುಂಬಿಕೊಂಡು ಬಂದಳು, ಸಂದೂಕ ಬರಲಿಲ್ಲ. ಕಾಕಾ ಹೈದರಾಬಾದಿಗೆ ಓಡಿದ. ನೀಲಮ್ಮನ ಸಂದೂಕ ಅಲ್ಲಿಂದ ಮುಂಬಯಿಗೆ ಹೋಗಿದೆಯಂತೆ, ಮುಂಬಯಿಯಿಂದ ಹಡಗಿನಲ್ಲಿ ಎಲ್ಲಿಗೋ. ಅವನ ಶೌಕವೂ ಅಲ್ಲಿಗೇ ನಿಂತಿತು, ಏಕೆಂದರೆ ಸುದ್ದಿ ಊರೂರಿಗೆ ಹರಡಿ, ಯಾವ ಬಾಗಿಲಿಗೆ ಹೋದರೂ "ಯಾಕ್ರಿ ಸಾವಕಾರ, ಸೊಸಿ ನೋಡಾಕ ಬಂದೀರೇನ್?" ಎಂದು ಕೇಳತೊಡಗಿದರು.

ಪಕ್ಕದ ಮನೆಯ ಚಹಾ ಕುಡಿದ ಮರುದಿನವೇ ನಾನು ಹುಮನಾಬಾದಿನ ಬಸ್ಸು ಹತ್ತಿದೆ. ಪಂಚಮಿ ಹತ್ತಿರ ಬಂದಿತ್ತು. ನೀಲಮ್ಮನ ಹಿರಿಮಗ, ಈಗ ಅವನಿಗೂ ತಲೆ ನರೆತಿದೆ, ಪ್ರತಿ ವರ್ಷದಂತೆ ಕಾಕುವನ್ನು ಕರೆಯಲು ಬಂದು ಪಡಸಾಲೆಯಲ್ಲಿ ಕೂತಿದ್ದ. ಕಾಕು ತಗಡಿನ ಟ್ರಂಕಿನಿಂದ ಸೀರೆ ತೆಗೆದು ಚೀಲಕ್ಕೆ ತುಂಬುತ್ತಿದ್ದಳು. ನೋಡಿ ನನಗೆ ಸಂಕಟವಾಯಿತು. ಉಪಕಾರ ಮಾಡುವ ಹುರುಪೂ ಬಂತು.

"ಕಾಕು, ಇಷ್ಟು ವರ್ಷ ಆತು. ಈ ಸಲ ನಾನೂ ಬರ್ತೀನಿ. ನೀಲಮ್ಮಗ ಕೈಮುಗದು ಕೇಳ್ತೀನಿ, ನಿನ್ನ ಸಂದೂಕ ಹೊಳ್ಳಿ ತಂದ ಬಿಡೋಣ."

ಮೂಲೆಯಲ್ಲಿ ಕೂತ ಕಾಕಾ ಆಸೆಯಿಂದ ತಲೆ ಎತ್ತಿದ.

ಕಾಕು ಚೀಲದ ಬಾಯಿ ಬಿಗಿದು ಕಟ್ಟಿದಳು. "ಸುಮ್ನ ಕೂಡೋ ಮಾಸ್ತರ. ಸಂದೂಕ ಮನಿಗಿ ಬಂದ್ರ, ಪಂಚಮಿಗಿ ನನ್ನ ಕರಿಯಾಕ ಯಾರ ಬರ್ತಾರ?"