ಬಾಗಿಲಿಲ್ಲದ ಅಂಗಡಿಗಳ ಮಾಲೀಕ

ಸಾಂಟೊ ಡೊಮಿಂಗೊದಲ್ಲಿ ನಮ್ಮ ರಾದಾಮೇಸನಷ್ಟು ಅಂಗಡಿ ತೆರೆದವರಿಲ್ಲ. ಆದರೆ ಒಂದಕ್ಕೂ ಬಾಗಿಲಿಲ್ಲ. ನನ್ನ ದಿನಸಿ ಅಂಗಡಿಯ ಮುಂದೆ ಲ್ಯಾಪ್‌ಟಾಪ್ ತೆರೆದು ಎಐಗೆ ನಾಲ್ಕು ಮಾತು ಹೇಳಿದನೆಂದರೆ, ಕಾಫಿ ಆರುವುದರೊಳಗೆ ಹೊಸ ವ್ಯಾಪಾರದ ವೆಬ್ ಪುಟವೊಂದು ಥಳಥಳಿಸುತ್ತದೆ: ನಾಯಿಗೆ ರೇನ್‌ಕೋಟು, ಸಿಪ್ಪೆ ಸುಲಿದ ಬಾಳೆಕಾಯಿ, ಕರೆಂಟು ಹೋದಾಗ ಬಾಡಿಗೆಗೆ ಬೀಸಣಿಗೆ. ‘ಬೇಕು’ ಎಂಬ ಗುಂಡಿ ಒತ್ತಿದವರಿಗೆ ‘ಸದ್ಯದಲ್ಲೇ ಬರುತ್ತೇವೆ’ ಎಂಬ ಉತ್ತರ. “ಮೊದ್ಲು ಗಿರಾಕಿ ಇದಾರಾ ನೋಡ್ಬೇಕು ಅಣ್ಣಾ, ಸರಕು ಆಮೇಲೆ,” ಎನ್ನುತ್ತಾನೆ. “ಹಾಗಾದ್ರೆ ನಾಳೆಯಿಂದ ನಿನ್ ಕಾಫೀನೂ ಸದ್ಯದಲ್ಲೇ ಬರತ್ತೆ,” ಎನ್ನುತ್ತೇನೆ ನಾನು. ಸಾಕಷ್ಟು ಗಿರಾಕಿ ಬಾರದ ಪುಟವನ್ನು ವಾರದೊಳಗೆ ಅಳಿಸಿಬಿಡುವುದು ಅವನ ಧರ್ಮ. ಒಮ್ಮೆ ‘ಡೊಮಿನೊ ಆಟಕ್ಕೆ ನಾಲ್ಕನೆಯವರು ಬೇಕೇ? ಕಳಿಸುತ್ತೇವೆ’ ಎಂಬ ಪುಟ ಹಾಕಿದ. ಇಡೀ ದೇಶದಲ್ಲಿ ಗುಂಡಿ ಒತ್ತಿದ್ದು ಒಬ್ಬರೇ, ನನ್ನ ಅಂಗಡಿ ಪಕ್ಕದ ಬಾದಾಮಿ ಮರದಡಿ ಆಡುತ್ತಿದ್ದ ದೋನ್ ಎಲಿಹಿಯೊ. ಅವರ ನಾಲ್ವರ ಗುಂಪಿನಲ್ಲಿ ಒಬ್ಬರು ತೀರಿಕೊಂಡ ಮೇಲೆ ಉಳಿದ ಮೂವರು ಮುದುಕರು ಖಾಲಿ ಕುರ್ಚಿಯೆದುರು ಸುಮ್ಮನೆ ಕೂತಿರುತ್ತಿದ್ದರು. ಈಗ ಸಂಜೆಯಾದರೆ ಆ ಕುರ್ಚಿಯಲ್ಲಿ ರಾದಾಮೇಸ್. “ಎಂಥ ಪೆದ್ದಾಟ ಆಡ್ತೀಯೋ, ಆ ಯಂತ್ರಾನೇ ಕಳಿಸ್ಬಾರ್ದಿತ್ತಾ?” ಎಂದು ದೋನ್ ಎಲಿಹಿಯೊ ದಿನವೂ ಬೈಯುತ್ತಾರೆ. ಪುಟವನ್ನು ಅವನು ಅಳಿಸಿಲ್ಲ, ಗುಂಡಿಯನ್ನಷ್ಟೇ ತೆಗೆದಿದ್ದಾನೆ. ಅದರ ಜಾಗದಲ್ಲಿ ಹೀಗಿದೆ: ‘ಕ್ಷಮಿಸಿ, ನಮ್ಮಲ್ಲಿ ಇರುವುದು ಒಬ್ಬನೇ ಆಟಗಾರ. ಅವನಿಗೆ ಕಾಯಂ ಕೆಲಸ ಸಿಕ್ಕಿದೆ.’